ಬಸ್ ಸ್ಟಾಪಿನಲ್ಲಿ ನಿಂತ ಕಾರು

ಡಿಪೋದಲ್ಲಿ ಎಲ್ಲರೂ ಅವನನ್ನು ಟೈಮ್‌ಟೇಬಲ್ ಎಂದೇ ಕರೆಯುತ್ತಿದ್ದರು. ಅವನ ಬಸ್ಸು ಬಂದದ್ದು ನೋಡಿ ಅಂಗಡಿಯವರು ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು ಎನ್ನುವುದು ಸ್ವಲ್ಪ ಉಪ್ಪು ಖಾರ ಹಚ್ಚಿದ ಮಾತಿರಬಹುದು, ಪೂರ್ತಿ ಸುಳ್ಳಂತೂ ಅಲ್ಲ. ಆಸ್ಪತ್ರೆಯಿಂದ ಮಾರುಕಟ್ಟೆಗೆ, ಮಾರುಕಟ್ಟೆಯಿಂದ ಮತ್ತೆ ಆಸ್ಪತ್ರೆಗೆ, ವರ್ಷಾನುಗಟ್ಟಲೆ ಅದೇ ದಾರಿ, ಅವೇ ಸ್ಟಾಪುಗಳು. ಬೇರೆ ಡ್ರೈವರುಗಳು ಆ ರೂಟು ಎಂದರೆ ಮೂಗು ಮುರಿಯುತ್ತಿದ್ದರು. ಇವನಿಗೆ ಅದರಲ್ಲೇ ಜೀವ. ಯಾವ ಸ್ಟಾಪಿನಲ್ಲಿ ಯಾರು ಹತ್ತುತ್ತಾರೆ, ಯಾರಿಗೆ ಮಂಡಿನೋವು, ಯಾರಿಗಾಗಿ ಬಸ್ಸನ್ನು ಫುಟ್‌ಪಾತಿಗೆ ಇನ್ನಷ್ಟು ಒತ್ತಿ ನಿಲ್ಲಿಸಬೇಕು ಎನ್ನುವುದೆಲ್ಲ ಅವನಿಗೆ ಬಾಯಿಪಾಠ. ಕೈ ಎತ್ತಿದವರನ್ನು ಬಿಟ್ಟು ಹೋದನೆಂಬ ದೂರು ಅವನ ಮೇಲೆ ಒಂದೂ ಬಂದಿರಲಿಲ್ಲ. ದಂಡದ ಚೀಟಿಯಂತೂ ಹೇಗಿರುತ್ತದೆ ಎಂದೇ ಅವನು ನೋಡಿರಲಿಲ್ಲ.

ಇಂಥವನು ಒಂದು ಹಳೆಯ ಕಾರು ಕೊಂಡ. ಹೆಂಡತಿ ಬಟ್ಟೆಯಂಗಡಿಯೊಂದರಲ್ಲಿ ಆಲ್ಟರೇಷನ್ ಕೆಲಸ ಮಾಡುತ್ತಿದ್ದಳು. ದಿನವಿಡೀ ಪ್ಯಾಂಟಿನ ಉದ್ದ ಕಡಿಮೆ ಮಾಡಿ, ರವಿಕೆಯ ಹೊಲಿಗೆ ಬಿಚ್ಚಿ ಬಂದವಳು ಸಂಜೆ ಬಸ್ಸಿನಲ್ಲಿ ನಿಂತುಕೊಂಡು ಬರುವುದು ಅವನಿಗೆ ನೋಡಲಾಗಲಿಲ್ಲ. ಬಸ್ ಡ್ರೈವರನ ಹೆಂಡತಿಗೇ ಬಸ್ಸಲ್ಲಿ ಸೀಟಿಲ್ಲ ಎಂದು ಡಿಪೋದಲ್ಲಿ ನಗುವವರೂ ಇದ್ದರು. ಅದಕ್ಕೇ ಕಾರು. ಬಿಳಿ ಬಣ್ಣದ್ದು, ಹಿಂದಿನ ಬಾಗಿಲಿನ ಹತ್ತಿರ ಸಣ್ಣ ಗೀರು, ಉಳಿದಂತೆ ಗಟ್ಟಿಮುಟ್ಟು.

ಕಾರೇನೋ ಮನೆಗೆ ಬಂತು. ಆದರೆ ಅದರಲ್ಲಿ ಕೂತವನ ಕೈಕಾಲುಗಳಿಗೆ ಬಸ್ಸಿನಿಂದ ಇಳಿದ ಸುದ್ದಿ ಮುಟ್ಟಿರಲಿಲ್ಲ. ರಸ್ತೆಯ ಪಕ್ಕದಲ್ಲಿ ಕೆಂಪು ಬಳಿದ ಬಸ್ ಲೇನ್ ಕಂಡದ್ದೇ ತಡ, ಕಾರು ತನ್ನ ಪಾಡಿಗೆ ತಾನು ಅದರೊಳಗೆ ಸರಿದು ಹಾಯಾಗಿ ಹೊರಟಿತು. ಪಕ್ಕದ ಸಾಲಿನಲ್ಲಿ ಗಿಜಿಗುಡುತ್ತಿದ್ದ ವಾಹನಗಳನ್ನು ನೋಡಿ, "ಈ ಕಾರಿನವರಿಗೆ ಎಷ್ಟು ಕಷ್ಟ ನೋಡೇ" ಎಂದು ಹೆಂಡತಿಗೆ ಹೇಳಿದ. ಹೆಂಡತಿ ಅವನ ಮುಖ ನೋಡಿದಳು.

"ರೀ, ನಾವೂ ಕಾರಲ್ಲೇ ಇರೋದು."

ಅವನು ಗಡಬಡಿಸಿ ಸ್ಟಿಯರಿಂಗ್ ತಿರುಗಿಸಿದ. ಅಷ್ಟು ಹೊತ್ತಿಗೆ ಕಂಬದ ಮೇಲಿನ ಕ್ಯಾಮೆರಾ ತನ್ನ ಕೆಲಸ ಮುಗಿಸಿತ್ತು. ವಾರದೊಳಗೆ ಫೋಟೋ ಸಮೇತ ದಂಡದ ಚೀಟಿ ಬಂತು. ಕೆಂಪು ಪಟ್ಟಿಯ ನಟ್ಟನಡುವೆ ಬಿಳಿ ಕಾರು, ಒಂದಿಷ್ಟೂ ಅತ್ತಿತ್ತ ಸರಿಯದೆ. ದಂಡ ಕಟ್ಟಿ, ಚೀಟಿಯನ್ನು ಯಾರ ಕಣ್ಣಿಗೂ ಬೀಳದಂತೆ ಹಾಸಿಗೆಯ ಕೆಳಗೆ ಬಚ್ಚಿಟ್ಟ.

ಎರಡನೆಯದು ಬಂದದ್ದು ಮಳೆಗಾಲದ ಕೊನೆಗೆ. ಒಬ್ಬನೇ ಹೋಗುತ್ತಿದ್ದಾಗ ಬಸ್ ಸ್ಟಾಪಿನಲ್ಲಿ ಕಾರು ನಿಲ್ಲಿಸಿದ. ಅಲ್ಲಿ ನರಪಿಳ್ಳೆಯೂ ಇರಲಿಲ್ಲ. ಆದರೂ ಹೊರಡಲಿಲ್ಲ, ಯಾಕೆಂದರೆ ಹೊರಡುವ ಟೈಮು ಇನ್ನೂ ಆಗಿರಲಿಲ್ಲ. ಗಡಿಯಾರ ನೋಡುತ್ತ ಕೂತವನಿಗೆ ಹಿಂದಿನಿಂದ ನಿಜವಾದ ಬಸ್ಸೊಂದು ಬಂದು ಹಾರ್ನ್ ಹೊಡೆದಾಗಲೇ ಎಚ್ಚರವಾದದ್ದು. ಬಸ್ಸಿನಲ್ಲಿದ್ದ ಡ್ರೈವರು ಡಿಪೋಗೆ ಹೋಗಿ ಅದನ್ನು ನಟಿಸಿ ತೋರಿಸಿದನಂತೆ. ನಕ್ಕು ನಕ್ಕು ಮೆಕ್ಯಾನಿಕ್ಕು ಕೈಯಲ್ಲಿದ್ದ ಸ್ಪ್ಯಾನರ್ ಕಾಲ ಮೇಲೆ ಬೀಳಿಸಿಕೊಂಡನಂತೆ.

ಮೂರನೆಯದರ ಕಥೆಯೇ ಬೇರೆ. ಅವತ್ತು ಹೆಂಡತಿಯೂ ಪಕ್ಕದಲ್ಲಿದ್ದಳು. ಅವಳ ತಮ್ಮನ ಮನೆಗೆ ಊಟಕ್ಕೆ ಹೊರಟಿದ್ದರು. ಸ್ಟಾಪೊಂದರಲ್ಲಿ ಕೈಚೀಲ ಹಿಡಿದ ಒಬ್ಬ ಅಜ್ಜ, ಬಸ್ಸಿಗಾಗಿಯೋ ನೊಣ ಓಡಿಸಲಿಕ್ಕೋ, ಕೈ ಮೇಲೆತ್ತಿದರು. ಕಾರು ಇಂಡಿಕೇಟರ್ ಹಾಕಿಕೊಂಡು, ಪಕ್ಕಕ್ಕೆ ಸರಿದು, ಹಿಂದಿನ ಬಾಗಿಲು ಸರಿಯಾಗಿ ಅಜ್ಜನ ಮುಂದೆ ಬರುವಂತೆ ನಿಂತಿತು. ಅಜ್ಜ ಒಂದು ಗಳಿಗೆ ಹಿಂದುಮುಂದು ನೋಡಿದರು, ಆಮೇಲೆ ಬಾಗಿಲು ತೆಗೆದು ಕೂತೇಬಿಟ್ಟರು.

"ಇದು ಮಾರ್ಕೆಟ್ಟಿಗೆ ಹೋಗುತ್ತಾ, ಅಪ್ಪಾ?"

"ಹೋಗುತ್ತೆ, ಕೂತ್ಕೊಳ್ಳಿ," ಎಂದ ಟೈಮ್‌ಟೇಬಲ್.

ಅಜ್ಜ ಮಾರುಕಟ್ಟೆಯಲ್ಲಿ ಇಳಿದು, ಸೀಟು ಚೆನ್ನಾಗಿದೆ ಎಂದು ಹೊಗಳಿ ಹೋದ ಮೇಲೆ ಹೆಂಡತಿಯ ಬಾಯಿ ತೆರೆಯಿತು. ಅಲ್ಲಿಂದ ತಮ್ಮನ ಮನೆಯವರೆಗೂ ಅದು ಮುಚ್ಚಲಿಲ್ಲ.

ಈ ಸಲ ಬಂದದ್ದು ಬರೀ ದಂಡದ ಚೀಟಿಯಲ್ಲ. ವರ್ಷದೊಳಗೆ ಮೂರು ತಪ್ಪಾದ್ದರಿಂದ ಲೈಸೆನ್ಸ್ ಯಾಕೆ ಅಮಾನತು ಮಾಡಬಾರದು ಎಂದು ಬಂದು ಹೇಳಬೇಕು, ವಿಚಾರಣೆಗೆ ಹಾಜರಾಗಬೇಕು ಎಂದು ಸಂಚಾರ ಇಲಾಖೆ ಕರೆದಿತ್ತು. ಅದನ್ನು ಓದಿದವನು ನೇರವಾಗಿ ಡಿಪೋಗೆ ಓಡಿದ.

ಡಿಪೋ ಮ್ಯಾನೇಜರು ಒಳ್ಳೆಯವನೇ, ಆದರೆ ನಿಯಮ ಅವನ ಕೈಯಲ್ಲಿರಲಿಲ್ಲ. "ನೋಡು ಮಾರಾಯ, ಒಂದೆರಡು ತಿಂಗಳಾದ್ರೆ ನಿನ್ನ ರೂಟು ನಾನು ಕಾಯ್ದಿಡ್ತೀನಿ. ಮೂರು ದಾಟ್ತೋ, ಬೇರೆಯವರಿಗೆ ಕೊಡ್ಲೇಬೇಕು. ನೀನು ಯಾರ್ಡಲ್ಲಿ ಬಸ್ ತೊಳೆಸ್ತಾ ಇರಬೇಕಾಗುತ್ತೆ. ಒಂದ್ಸಲ ಸೀಟು ಬಿಟ್ಟವರು ವಾಪಸ್ ಬಂದಿದ್ದು ನಾನಂತೂ ನೋಡಿಲ್ಲ," ಎಂದ. ಟೈಮ್‌ಟೇಬಲ್ ತಲೆಯಾಡಿಸಿ ಹೊರಬಂದು ತನ್ನ ಬಸ್ಸಿನ ಸೀಟಿನಲ್ಲಿ ಸುಮ್ಮನೆ ಕೂತ. ಸೀಟಿನ ಸ್ಪಂಜು ಅವನ ಮೈಯ ಅಳತೆಗೇ ತಗ್ಗಿತ್ತು. ಇದರಲ್ಲಿ ಬೇರೆ ಯಾರೋ ಕೂರುವುದನ್ನು ಅವನಿಂದ ನೆನೆಸಿಕೊಳ್ಳಲೂ ಆಗಲಿಲ್ಲ.

ಉಪಾಯ ಹೇಳಿದವನು ಬಾಮೈದ. ಅವನು ವಾಷಿಂಗ್ ಮಷಿನ್ ಮಾರುವವನು, ಯಾವ ಮಾತಿಗೂ ಅವನ ಹತ್ತಿರ ಒಂದು ಗ್ಯಾರಂಟಿ ಇರುತ್ತಿತ್ತು.

"ಭಾವ, ಫೋಟೋ ಹಿಂದಿನಿಂದ ತೆಗೆದಿರೋದು. ಯಾರ ಮುಖ ಕಾಣುತ್ತೆ? ಅಕ್ಕಂಗೂ ಲೈಸೆನ್ಸ್ ಇದೆ. ಮೂರನೇ ಸಲ ಓಡಿಸ್ತಿದ್ದಿದ್ದು ಅಕ್ಕ ಅಂದ್ಬಿಡಿ. ನಿಮ್ಮ ಲೆಕ್ಕಕ್ಕೆ ಎರಡೇ ಉಳೀತು, ಅಕ್ಕಂದು ಮೊದಲನೇದು. ಇಬ್ಬರಿಗೂ ಏನೂ ಆಗಲ್ಲ. ಎಲ್ಲರೂ ಮಾಡೋದೇ!"

"ಅವಳಿಗೆ ಲೈಸೆನ್ಸ್ ಇದೆ ಅಷ್ಟೇ. ಅವಳು ಓಡಿಸಲ್ಲ," ಎಂದ ಟೈಮ್‌ಟೇಬಲ್.

"ಯಾಕೆ ಓಡಿಸಲ್ಲ ಅಂತ ನೀವೇ ಹೇಳಿ," ಎಂದಳು ಹೆಂಡತಿ.

ಅದು ಮನೆಯಲ್ಲಿ ಯಾರೂ ಎತ್ತದ ವಿಷಯ. ಕಾರು ಬಂದ ಹೊಸತರಲ್ಲಿ ಅವಳೂ ಡ್ರೈವಿಂಗ್ ಕಲಿತು, ಮೊದಲನೆಯ ಯತ್ನದಲ್ಲೇ ಪಾಸಾಗಿ, ಖುಷಿಯಿಂದ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟಿದ್ದಳು. ಗೇರು ಹಾಕು, ಕ್ಲಚ್ ಬಿಡು, ಕನ್ನಡಿ ನೋಡು, ಅದಲ್ಲ ಈ ಕನ್ನಡಿ, ಅಯ್ಯೋ ನಿಧಾನ, ಅಯ್ಯೋ ಬೇಗ ಎಂದು ಅವನು ಬಾಯಿಗೆ ಬಿಡುವು ಕೊಡದೆ ಕಲಿಸಿದ. ಎರಡು ರಸ್ತೆ ದಾಟುವಷ್ಟರಲ್ಲಿ ಅವಳು ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಇಳಿದು, ಕೀಲಿಕೈ ಅವನ ಮಡಿಲಿಗೆ ಹಾಕಿ, ನಡೆದುಕೊಂಡೇ ಮನೆಗೆ ಹೋಗಿದ್ದಳು. ಆಮೇಲೆ ಅವಳ ಲೈಸೆನ್ಸು ಬೀರುವಿನಿಂದ ಹೊರಗೆ ಬರಲಿಲ್ಲ.

"ಹೋಗ್ಲಿ ಬಿಡಿ. ನಾನು ಹೇಳ್ತೀನಿ," ಎಂದಳು ಈಗ. "ನಾನೇ ಓಡಿಸ್ತಿದ್ದೆ ಅಂತೀನಿ. ನಿಮ್ಮ ಬಸ್ ಉಳಿದ್ರೆ ಸಾಕು."

ಬೇಡ ಎನ್ನಬೇಕು ಎಂದು ಅವನಿಗೆ ಅನಿಸಿತು. ಆದರೆ ಬಸ್ಸಿನ ಸೀಟು ಕಣ್ಣ ಮುಂದೆ ಬಂದು ಬಾಯಿ ಕಟ್ಟಿಹಾಕಿತು.

ವಿಚಾರಣೆಯ ದಿನ ಇಬ್ಬರೂ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಹೊರಟರು. ದಾರಿಯುದ್ದಕ್ಕೂ ಅವನು ಕಾರನ್ನು ಎಷ್ಟು ಹುಷಾರಾಗಿ ಓಡಿಸಿದನೆಂದರೆ ಒಬ್ಬ ಸೈಕಲ್ಲಿನವನು ಅವರನ್ನು ಹಿಂದೆ ಹಾಕಿ ಹೋದ.

ಕಚೇರಿಯ ಹೊರಗಿನ ಉದ್ದನೆಯ ಬೆಂಚಿನಲ್ಲಿ ಊರಿನ ತಪ್ಪುಗಳೆಲ್ಲ ಸಾಲಾಗಿ ಕೂತಿದ್ದವು. ಕೆಂಪು ದೀಪ ದಾಟಿದ ಟ್ಯಾಕ್ಸಿಯವನು ಅದು ಕೆಂಪಲ್ಲ, ಹಳದಿಯ ಕೊನೆ ಎಂದು ಸಿಕ್ಕಸಿಕ್ಕವರಿಗೆಲ್ಲ ವಿವರಿಸುತ್ತಿದ್ದ. ಹೆಲ್ಮೆಟ್ಟನ್ನು ತಲೆಯ ಬದಲು ಮೊಣಕೈಗೆ ಹಾಕಿಕೊಂಡು ಸಿಕ್ಕಿಬಿದ್ದ ಪೇಂಟರು ಈಗಲೂ ಅದನ್ನು ಮೊಣಕೈಗೇ ಹಾಕಿಕೊಂಡಿದ್ದ. ಗಾಡಿ ಓಡಿಸುತ್ತ ಫೋನಿನಲ್ಲಿ ಮಾತಾಡಿದ್ದಕ್ಕೆ ಬಂದಿದ್ದ ಹೆಂಗಸು ಅದನ್ನೇ ಯಾರಿಗೋ ಫೋನಿನಲ್ಲಿ ಹೇಳಿಕೊಳ್ಳುತ್ತಿದ್ದಳು.

"ನಿಮ್ದೇನು ಸಾರ್?" ಎಂದ ಟ್ಯಾಕ್ಸಿಯವನು.

"ಬಸ್ ಸ್ಟಾಪಲ್ಲಿ ಕಾರು ನಿಲ್ಲಿಸಿದ್ದು."

"ಪಾಪ, ಪಾರ್ಕಿಂಗ್ ಸಿಗ್ಲಿಲ್ವಾ?"

ಟೈಮ್‌ಟೇಬಲ್ ಕೆಮ್ಮಿ ಬೇರೆ ಕಡೆ ನೋಡಿದ. ಹೆಂಡತಿ ಪಕ್ಕದಲ್ಲಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ಕೂತಿದ್ದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು. ಅಂಗಡಿಯಲ್ಲಿ ಗಿರಾಕಿಗೆ ಬಟ್ಟೆ ಒಪ್ಪದಿದ್ದರೆ ಒಪ್ಪುವುದಿಲ್ಲ ಎಂದೇ ಹೇಳಿ ಮಾಲೀಕನಿಂದ ಬೈಸಿಕೊಂಡು ಬರುವವಳು. ಅವಳ ಬೆರಳು ನೋಡಿ ಅವನು, ಎದ್ದು ಮನೆಗೆ ಹೋಗೋಣ ಎನ್ನುವಷ್ಟರಲ್ಲಿ ಒಳಗಿನಿಂದ ಕರೆ ಬಂತು.

ಮೇಜಿನ ಆಚೆ ಕೂತಿದ್ದ ಅಧಿಕಾರಿ ನಡುವಯಸ್ಸಿನ ಹೆಂಗಸು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಫೋಟೋ ನೋಡುತ್ತಿದ್ದರು. ಮುಖದಲ್ಲಿ ಸಿಟ್ಟೂ ಇಲ್ಲ, ನಗುವೂ ಇಲ್ಲ.

"ಮೂರೂ ನಿಮ್ಮದೇ ಕಾರು. ಏನಾದ್ರೂ ಹೇಳೋದಿದ್ಯಾ?"

"ಮೇಡಂ, ಮೂರನೇದು ನಾನು ಓಡಿಸ್ತಿದ್ದಿದ್ದು," ಎಂದು ಹೆಂಡತಿ ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಅಧಿಕಾರಿ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. ಪೆನ್ನು ಎತ್ತಲಿಲ್ಲ.

"ಓ. ಸ್ಟಾಪಲ್ಲಿ ಯಾಕೆ ನಿಲ್ಲಿಸಿದ್ರಿ?"

"ಅದು… ಕೈ ಎತ್ತಿದ್ರು."

"ಯಾರು?"

"ಅವರೇ, ಆ ಫೋಟೋದಲ್ಲಿರೋರು."

ಅಧಿಕಾರಿ ಫೋಟೋವನ್ನು ಅವರ ಕಡೆ ತಿರುಗಿಸಿದರು. ಬಿಳಿ ಕಾರು, ತೆರೆದ ಹಿಂಬಾಗಿಲು, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟ ಕೈಚೀಲದ ಅಜ್ಜ. "ಯಾರಿವರು?"

ಬಾಮೈದ ಈ ಪ್ರಶ್ನೆಗೆ ಗ್ಯಾರಂಟಿ ಕೊಟ್ಟಿರಲಿಲ್ಲ. ಹೆಂಡತಿ ಫೋಟೋದ ಮೇಲೆ ಬೆರಳಿಟ್ಟಳು. "ನಮ್ಮ ಮಾವ, ಮೇಡಂ. ಇವರ ತಂದೆ."

"ವಯಸ್ಸೆಷ್ಟು?"

"ಎಪ್ಪತ್ತು," ಎಂದಳು ಹೆಂಡತಿ. "ಎಂಬತ್ತು," ಎಂದ ಟೈಮ್‌ಟೇಬಲ್. ಎರಡೂ ಒಟ್ಟಿಗೇ ಹೊರಬಿದ್ದವು.

"ನಿಮ್ಮ ಮನೇಲೇ ಇರ್ತಾರಾ?"

"ಹೂಂ," ಎಂದಳು ಹೆಂಡತಿ, ಈಗ ಅವಳ ದನಿ ಕೇಳಿಸುವಂತಿರಲಿಲ್ಲ. "ಮಂಡಿ ನೋವು ಅವರಿಗೆ. ಅದಕ್ಕೇ ಕರ್ಕೊಂಡು ಹೋಗೋಕೆ…"

ಅಷ್ಟರಲ್ಲಿ ಟೈಮ್‌ಟೇಬಲ್‌ಗೆ ತಡೆಯಲಾಗಲಿಲ್ಲ. ಅವನ ಅಪ್ಪ ಮಂಡಿನೋವಿನವನಲ್ಲ, ಗಾರೆ ಕೆಲಸದವನು. ಜೀವಮಾನದಲ್ಲಿ ಒಂದು ಸಲವೂ ಕಾರು ಹತ್ತಿದವನಲ್ಲ. ಸತ್ತು ಎಷ್ಟೋ ವರ್ಷಗಳಾಗಿದ್ದವು. ತನ್ನದೇ ಕಾರಿನಲ್ಲಿ ಅಪ್ಪನನ್ನು ಕೂರಿಸುವ ಆಸೆ ಆಸೆಯಾಗಿಯೇ ಉಳಿದಿತ್ತು. ಈಗ ಲೈಸೆನ್ಸ್ ಉಳಿಸಿಕೊಳ್ಳಲು ಆ ಮನುಷ್ಯನನ್ನು ಬಸ್ ಸ್ಟಾಪಿನಲ್ಲಿ ನಿಲ್ಲಿಸಿ, ಅದೂ ಹೆಂಡತಿಯ ಬಾಯಿಂದ, ಸುಳ್ಳಿಗೆ ಸಾಕ್ಷಿ ಮಾಡುತ್ತಿದ್ದಾನೆ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

"ಮೇಡಂ, ನಿಲ್ಲಿಸಿ. ನಮ್ಮಪ್ಪ ಇಲ್ಲ. ಹೋಗಿ ಬಹಳ ವರ್ಷ ಆಯ್ತು. ಕಾರು ಓಡಿಸ್ತಿದ್ದಿದ್ದು ನಾನು. ಇವಳದ್ದೇನೂ ತಪ್ಪಿಲ್ಲ, ನನ್ನ ಬಸ್ ಹೋಗುತ್ತೆ ಅಂತ ಹೀಗೆ ಹೇಳ್ತಿದ್ದಾಳೆ. ಹೇಳಬೇಡ ಅನ್ನೋ ಧೈರ್ಯ ನನಗೇ ಬರ್ಲಿಲ್ಲ."

"ಹಾಗಾದ್ರೆ ಈ ಅಜ್ಜ ಯಾರು?"

"ಗೊತ್ತಿಲ್ಲ ಮೇಡಂ. ಮಾರ್ಕೆಟ್ಟಿಗೆ ಬಿಟ್ಟೆ."

"ಗೊತ್ತಿಲ್ದೇ ಇರೋರನ್ನ ಕಾರಿಗೆ ಹತ್ತಿಸ್ಕೊಂಡ್ರಾ?"

"ಬಸ್ಸಲ್ಲಿ ಗೊತ್ತಿರೋರು ಮಾತ್ರ ಹತ್ತೋದಿಲ್ವಲ್ಲ ಮೇಡಂ," ಎಂದ ಅವನು, ಮತ್ತು ಎಲ್ಲವನ್ನೂ ಹೇಳಿದ. ಕೆಂಪು ಲೇನ್ ಕಂಡರೆ ಕೈ ತಿರುಗುವುದು, ಖಾಲಿ ಸ್ಟಾಪಿನಲ್ಲಿ ಟೈಮಿಗಾಗಿ ಕಾದು ಕೂತದ್ದು, ಎತ್ತಿದ ಕೈ ಕಂಡರೆ ಕಾಲು ತನ್ನಷ್ಟಕ್ಕೆ ಬ್ರೇಕಿನ ಮೇಲೆ ಬೀಳುವುದು. ಗುಮಾಸ್ತನೊಬ್ಬ ಮೂಲೆಯಲ್ಲಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡ. ಅಧಿಕಾರಿ ನಗಲಿಲ್ಲ, ಆದರೆ ಕನ್ನಡಕ ತೆಗೆದು ಒರೆಸಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡರು.

"ನೋಡಿ," ಎಂದರು ಕೊನೆಗೆ, ಹೆಂಡತಿಯ ಕಡೆ ತಿರುಗಿ. "ನೀವು ಹೇಳಿದ್ದನ್ನ ನಾನಿನ್ನೂ ಬರ್ಕೊಂಡಿಲ್ಲ. ಬರ್ಕೊಂಡಿದ್ರೆ ಇಬ್ಬರ ಮೇಲೂ ಸುಳ್ಳು ಹೇಳಿಕೆ ಕೇಸು. ಬಸ್ ಲೇನಿಗಿಂತ ಅದು ಹತ್ತು ಪಾಲು ದೊಡ್ಡದು. ಇನ್ನು ಯಾರ ಮಾತು ಕೇಳಿಯೂ ಹೀಗೆ ಮಾಡಬೇಡಿ."

ಹೆಂಡತಿ ತಲೆಯಾಡಿಸಿದಳು. ಕಣ್ಣು ತುಂಬಿತ್ತು.

"ನಿಮ್ಮ ಬಸ್ಸಿನ ದಾಖಲೆ ತರಿಸಿ ನೋಡಿದೀನಿ," ಎಂದು ಅಧಿಕಾರಿ ಅವನ ಕಡೆ ತಿರುಗಿದರು. "ಅದರಲ್ಲಿ ಒಂದು ಚುಕ್ಕೆಯಿಲ್ಲ. ಆದ್ರೆ ಇದನ್ನ ಸುಮ್ಮನೆ ಬಿಡೋ ಹಾಗಿಲ್ಲ. ಹಿಂದಿನಿಂದ ಬರೋ ಬಸ್ಸಿಗೆ ನಿಮ್ಮ ಕಾರು ಅಡ್ಡ ನಿಂತ್ರೆ, ಮಂಡಿ ನೋವಿರೋರು ನಡುರಸ್ತೇಲಿ ಇಳೀಬೇಕಾಗುತ್ತೆ. ಅದು ಎಷ್ಟು ಕಷ್ಟ ಅಂತ ನಿಮಗೆ ನಾನು ಹೇಳಬೇಕಾ?"

ಈ ಮಾತು ಅವನಿಗೆ ನೇರವಾಗಿ ತಟ್ಟಿತು. ಇಷ್ಟು ದಿನ ಅವನಿಗೆ ತನ್ನ ಬಸ್ಸಿನದೇ ಚಿಂತೆಯಾಗಿತ್ತು, ತಾನು ಅಡ್ಡ ನಿಂತ ಆ ಇನ್ನೊಂದು ಬಸ್ಸಿನ ಜನ ಎಲ್ಲಿ ಇಳಿದರು ಎಂದು ಯೋಚಿಸಿಯೇ ಇರಲಿಲ್ಲ.

"ತಪ್ಪಾಯ್ತು ಮೇಡಂ," ಎಂದ.

"ಒಂದು ತಿಂಗಳು ಲೈಸೆನ್ಸ್ ಇಲ್ಲಿರಲಿ. ವಾರಕ್ಕೊಂದು ತರಗತಿ, ಬಂದು ಕೂರಬೇಕು. ಆಮೇಲೆ ತಗೊಂಡು ಹೋಗಿ. ಮತ್ತೆ ಬಂದ್ರೆ ಆರು ತಿಂಗಳು."

ಒಂದು ತಿಂಗಳು. ಅವನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡ. ರೂಟು ಉಳಿಯಿತು. ಲೈಸೆನ್ಸನ್ನು ಪರ್ಸಿನಿಂದ ತೆಗೆದು ಮೇಜಿನ ಮೇಲಿಟ್ಟ. ಬಾಗಿಲಲ್ಲಿ ನಿಂತು ಎರಡೆರಡು ಸಲ ನಮಸ್ಕಾರ ಹೇಳಿದ.

ಹೊರಗೆ ಬಿಸಿಲಿತ್ತು. ಇಬ್ಬರೂ ಕಾರಿನ ಹತ್ತಿರ ಬಂದು ನಿಂತರು. ಅವನು ಅಭ್ಯಾಸದಂತೆ ಕೀಲಿಕೈ ತೆಗೆದು ಡ್ರೈವರ್ ಬಾಗಿಲಿಗೆ ಕೈ ಹಾಕಿದ, ಹಾಕಿದ ಕೈಯನ್ನು ಹಾಗೇ ಹಿಂದಕ್ಕೆ ತೆಗೆದ.

"ನಾನು ಓಡಿಸೋ ಹಾಗಿಲ್ಲ," ಎಂದ.

"ಹೂಂ. ತಮ್ಮನ್ನ ಕರೆಯೋಣ್ವಾ?"

"ಅವನ ಉಪಕಾರ ಇವತ್ತಿಗೆ ಸಾಕು."

ಹೆಂಡತಿಗೆ ಅಳುವಿನ ನಡುವೆಯೇ ನಗು ಬಂತು. ಅವನು ಕೀಲಿಕೈಯನ್ನು ಅವಳ ಕಡೆ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ.

"ನಂಗೆ ಮರ್ತೇ ಹೋಗಿದೆ ರೀ."

"ಕಲ್ತಿದ್ದು ಎಲ್ಲಿಗೆ ಹೋಗುತ್ತೆ? ಆಗ ನೀನು ಚೆನ್ನಾಗೇ ಓಡಿಸ್ತಿದ್ದೆ. ನಾನು ಬಾಯಿ ಮುಚ್ಕೊಂಡು ಕೂರಬೇಕಿತ್ತು. ಕೂರಲಿಲ್ಲ. ಅದು ನನ್ನ ತಪ್ಪು."

ಇಷ್ಟು ವರ್ಷದ ಸಂಸಾರದಲ್ಲಿ ಅವನ ಬಾಯಿಂದ ಇಂಥ ಮಾತು ಅವಳು ಕೇಳಿರಲಿಲ್ಲ. ಅವನ ಮುಖವನ್ನು ಒಂದು ಗಳಿಗೆ ನೋಡಿ, ಕೀಲಿಕೈ ತೆಗೆದುಕೊಂಡು, ಬಾಗಿಲು ತೆರೆದು ಕೂತಳು. ಸೀಟು ಮುಂದಕ್ಕೆ ಎಳೆದುಕೊಂಡಳು. ಕನ್ನಡಿ ತಿರುಗಿಸಿಕೊಂಡಳು. ಬಟ್ಟೆಗೆ ಸೂಜಿ ಚುಚ್ಚುವ ಮೊದಲು ಅಳತೆ ನೋಡುವಾಗಿನ ಮುಖವೇ ಈಗಲೂ ಇತ್ತು.

ಗೇಟು ದಾಟುವಾಗ ಎಂಜಿನ್ ಆಫ್ ಆಯಿತು. ಹಿಂದಿನಿಂದ ಟ್ಯಾಕ್ಸಿಯವನ ಹಾರ್ನ್ ಕೇಳಿತು. ಪಕ್ಕದಲ್ಲಿ ಕೂತವನು ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು, ಹಲ್ಲು ಕಚ್ಚಿಕೊಂಡು, ರಸ್ತೆಯ ಆಚೆ ಬದಿಯಲ್ಲಿದ್ದ ಒಂದು ಚಪ್ಪಲಿ ಅಂಗಡಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಅವಳು ಮತ್ತೆ ಸ್ಟಾರ್ಟ್ ಮಾಡಿದಳು. ಕಾರು ಹೊರಟಿತು.

ಸಿಗ್ನಲ್ಲಿನಲ್ಲಿ ನಿಂತಳು, ಹಸಿರು ಬಂದಾಗ ಹೊರಟಳು. ಲಾರಿಯೊಂದು ಪಕ್ಕಕ್ಕೆ ಬಂದಾಗ ಅವನಿಗೆ ಜೀವ ಬಾಯಿಗೆ ಬಂತು, ಅವಳಿಗೆ ಬರಲಿಲ್ಲ. ಮೊದಲ ಬಸ್ ಸ್ಟಾಪು ಎದುರಾದಾಗ ಅವನ ಪಾದ ಬರೀ ನೆಲವನ್ನೇ ಒತ್ತಿತು. ಕಾರು ತನ್ನ ಸಾಲಿನಲ್ಲೇ ಮುಂದೆ ಹೋಯಿತು. ಅವನು ತಿರುಗಿ ನೋಡಿದ. ಸ್ಟಾಪಿನಲ್ಲಿ ನಿಂತವರು ತಮ್ಮ ಬಸ್ಸು ಬರುವ ದಾರಿಯನ್ನೇ ನೋಡುತ್ತಿದ್ದರು. ಈ ಬಿಳಿ ಕಾರು ನಿಲ್ಲಲಿಲ್ಲವೆಂದು ಯಾರಿಗೂ ಬೇಸರವಾದಂತಿರಲಿಲ್ಲ. ಸ್ವಲ್ಪ ಹಿಂದೆ ಅವರ ಬಸ್ಸು ಬರುತ್ತಿರುವುದೂ ಅವನಿಗೆ ಕಂಡಿತು. ಬೆನ್ನು ಸೀಟಿಗೆ ತಾಗಿಸಿ ಕೂತ. ಕಾರು ಕೊಂಡ ಮೇಲೆ ಅವನು ಹಾಗೆ ಒರಗಿ ಕೂತದ್ದು ಅದೇ ಮೊದಲು.

ನಾಲ್ಕಾರು ತಿರುವು ಕಳೆಯುವಷ್ಟರಲ್ಲಿ ಅವಳ ಭುಜ ಸಡಿಲವಾಯಿತು. ಕಿಟಕಿಯ ಗಾಜು ಇಳಿಸಿಕೊಂಡಳು. ಗಾಳಿಗೆ ಕೂದಲು ಮುಖದ ಮೇಲೆ ಬಿದ್ದರೆ ಒಂದು ಕೈಯಿಂದ ಹಿಂದಕ್ಕೆ ತಳ್ಳಿದಳು. ಎರಡೂ ಕೈ ಸ್ಟಿಯರಿಂಗ್ ಮೇಲೆ ಎನ್ನುವ ಮಾತು ಅವನ ಗಂಟಲಿಗೆ ಬಂತು. ಅವಳ ಮುಖ ನೋಡಿ ಅದನ್ನು ನುಂಗಿಕೊಂಡ. ಅವಳು ಇಷ್ಟು ಚೆಂದ ಕಾಣುತ್ತಾಳೆಂಬುದು ಅವನಿಗೆ ಮರೆತೇ ಹೋಗಿತ್ತು.

ಮನೆಯ ಮುಂದೆ ಕಾರು ನಿಂತಿತು. ಚಕ್ರ ಫುಟ್‌ಪಾತಿನಿಂದ ಒಂದು ಮೊಳ ದೂರವಿತ್ತು, ಸ್ವಲ್ಪ ಸೊಟ್ಟಗೂ ಇತ್ತು. ಅವನು ಅದರ ಬಗ್ಗೆ ಏನೂ ಹೇಳದೆ ಬಾಗಿಲು ತೆಗೆದು ಒಂದು ಕಾಲು ಹೊರಗಿಟ್ಟ. ಎಂಜಿನ್ ಇನ್ನೂ ಓಡುತ್ತಲೇ ಇತ್ತು. ತಿರುಗಿ ನೋಡಿದರೆ ಅವಳು ಎರಡೂ ಕೈಗಳನ್ನು ಸ್ಟಿಯರಿಂಗ್ ಮೇಲಿಟ್ಟುಕೊಂಡು, ಎದುರಿನ ರಸ್ತೆಯನ್ನೇ ನೋಡುತ್ತಿದ್ದಳು.

"ಇಳೀತೀರಾ, ಇಲ್ಲಾ ಇನ್ನೊಂದು ಟ್ರಿಪ್ ಬರ್ತೀರಾ?" ಎಂದಳು.

ಅವನು ಕಾಲು ಒಳಗೆಳೆದುಕೊಂಡು ಬಾಗಿಲು ಹಾಕಿದ.

"ಎಲ್ಲಿಗೆ?"

"ನಂಗೇನ್ರೀ ಗೊತ್ತು," ಎಂದು ಅವಳು ಗೇರು ಹಾಕಿದಳು.